ಗಡಿಯಾರ ನೋಡಿ ಕುಡಿಯುವವರು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ಮದ್ಯಪಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ಚರಂಡಿಯ ಬದಿಯಲ್ಲಿ ಬಿದ್ದವನು, ಹೆಂಡತಿಯ ಬಳೆ ಮಾರಿದವನು. ಅವನ ಬಗ್ಗೆ ಮಾತಾಡುವುದು ಸುಲಭ. ಸಫ್‌ನಲ್ಲಿ ಕೂತು ಕೇಳುವ ಯಾರಿಗೂ ಅದರಿಂದ ಮುಜುಗರವಾಗುವುದಿಲ್ಲ. ಇಂದು ನಾವು ಮಾತಾಡಬೇಕಾಗಿರುವುದು ಬೀಳದವನ ಬಗ್ಗೆ.

ಯಾರು ಈ ಬೀಳದವನು? ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಶಟರ್ ಎತ್ತುವವನು. ಆಫೀಸಿಗೆ ಒಂದು ದಿನವೂ ತಡವಾಗಿ ಹೋಗದವನು. ಮಕ್ಕಳ ಫೀಸು, ಮನೆಯ ಕಂತು, ರಮಝಾನ್‌ನ ಝಕಾತ್ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕೊಡುವವನು. ಮದುವೆ ಮಾತುಕತೆಗೂ ಜಮಾಅತಿನ ಲೆಕ್ಕಪತ್ರಕ್ಕೂ ಜನ ಕರೆಯುವವನು. ಅವನು ತನ್ನ ಊರಿನಲ್ಲಿ ಕುಡಿಯುವುದಿಲ್ಲ. ಹತ್ತು ಕಿಲೋಮೀಟರ್ ಆಚೆ ಹೋಗುತ್ತಾನೆ, ಇಲ್ಲವೇ ಸ್ಕೂಟರಿನ ಡಿಕ್ಕಿಯಲ್ಲಿ ತಂದು ಎಲ್ಲರೂ ಮಲಗಿದ ಮೇಲೆ ಟೆರೇಸಿಗೆ ಹತ್ತುತ್ತಾನೆ. ಜೇಬಿನಲ್ಲಿ ಸೋಂಪು, ಏಲಕ್ಕಿ ಇದ್ದೇ ಇರುತ್ತದೆ. ಹತ್ತು ಹದಿನೈದು ವರ್ಷ ಹೀಗೇ ನಡೆದುಕೊಂಡು ಬಂದಿರುತ್ತದೆ. ಇಂಥವರು ನಮ್ಮಲ್ಲಿ ಇಲ್ಲ ಎಂದುಕೊಳ್ಳುವುದು ನಮಗೆಲ್ಲ ಹಿತವಾಗಿದೆ. ಅವನ ಹೆಂಡತಿಗೆ ಗೊತ್ತು. ಆದರೆ ಅತ್ತೆ ಕೇಳಿದರೆ ಅವಳು, “ಅಸಿಡಿಟಿಯಂತೆ ಮಾಮಿ, ಬೇಗ ಮಲಗಿದರು” ಎನ್ನುತ್ತಾಳೆ.

ಈ ಸಹೋದರನ ಬಳಿ ಒಂದು ವಾದವಿದೆ: “ನನ್ನಿಂದ ಯಾರಿಗೆ ಏನು ತೊಂದರೆಯಾಗಿದೆ? ದುಡಿಮೆ ನಿಂತಿದೆಯೇ? ಯಾರಿಗಾದರೂ ಕೈ ಎತ್ತಿದ್ದೇನೆಯೇ?” ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವನು ಹೇಳುವುದು ಬಹುಪಾಲು ನಿಜವೇ. ಹಾಗಾಗಿ ‘ನೀನು ಹಾಳಾಗಿ ಹೋಗುತ್ತೀ’ ಎಂಬ ನಮ್ಮ ಎಚ್ಚರಿಕೆ ಅವನ ಕಿವಿಗೆ ತಾಗುವುದಿಲ್ಲ. ಪವಿತ್ರ ಕುರ್‌ಆನ್ ಇಂಥವನ ಜೊತೆ ಹೇಗೆ ಮಾತಾಡಿದೆ ಎಂದು ನೋಡೋಣ. ಏಕೆಂದರೆ ಮದೀನಾದಲ್ಲಿ ಕುರ್‌ಆನ್ ಮೊದಲು ಮಾತಾಡಿದ್ದು ಬಿದ್ದವರ ಜೊತೆಗಲ್ಲ, ನೆಟ್ಟಗೆ ನಿಂತವರ ಜೊತೆಗೆ.

ಮದ್ಯ ನಿಷೇಧ ಹಂತಹಂತವಾಗಿ ಬಂತು ಎಂದು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಮೊದಲು ಸೂರಃ ಅಲ್ ಬಕರದ 219ನೇ ಸೂಕ್ತ. ಅದರಲ್ಲಿ ಲಾಭವೂ ಇದೆ, ಆದರೆ ಪಾಪವು ಲಾಭಕ್ಕಿಂತ ದೊಡ್ಡದು ಎಂದು ಅದು ತಿಳಿಸಿತು. ಲಾಭವಿದೆ ಎಂಬುದನ್ನು ಅಲ್ಲಾಹನು ಅಲ್ಲಗಳೆಯಲಿಲ್ಲ ಎಂಬುದನ್ನು ಗಮನಿಸಿ. ಆಮೇಲೆ ಸೂರಃ ಅನ್ನಿಸಾದ 43ನೇ ಸೂಕ್ತ ಬಂತು. ಅಮಲಿನಲ್ಲಿರುವಾಗ, ಬಾಯಿ ಏನು ಹೇಳುತ್ತಿದೆ ಎಂದು ತಿಳಿಯುವವರೆಗೂ ನಮಾಝಿನ ಬಳಿ ಬರಬಾರದೆಂದು ಆಜ್ಞೆಯಾಯಿತು.

ಈ ಎರಡನೆಯ ಹಂತದಲ್ಲಿ ಏನಾಯಿತೆಂದು ತಫ್ಸೀರ್ ಗ್ರಂಥಗಳು ವಿವರಿಸುತ್ತವೆ. ದಿನಕ್ಕೆ ಐದು ನಮಾಝ್. ನಡುವೆ ಅಮಲು ಏರಿ ಇಳಿಯುವಷ್ಟು ಬಿಡುವು ಎಲ್ಲಿದೆ? ಇಶಾದ ಬಳಿಕ ಕುಡಿದರೆ ಫಜ್ರ್‌ಗೆ ಇಳಿಯುತ್ತದೆ. ಫಜ್ರ್ ಬಳಿಕ ಕುಡಿದರೆ ಝುಹ್ರ್‌ಗೆ ಇಳಿಯುತ್ತದೆ. ಹಲವರು ಪೂರ್ತಿ ಬಿಟ್ಟರು. ಉಳಿದವರು ಈ ಹೊತ್ತಿನ ಲೆಕ್ಕದಲ್ಲಿ ಕುಡಿದರು. ಆಗ ಅದು ಅವರಿಗೆ ಹರಾಮ್ ಆಗಿರಲಿಲ್ಲ.

ನಾವು ಹೇಳುತ್ತಿರುವ ಸಹೋದರ ಇಂದು ನಿಂತಿರುವುದು ಅಲ್ಲೇ, ಆ ಎರಡನೆಯ ಹಂತದಲ್ಲಿ. ಅವನೂ ಗಡಿಯಾರ ನೋಡಿಯೇ ಕುಡಿಯುತ್ತಾನೆ. ಎಂಟಕ್ಕೆ ಮೊದಲು ಇಲ್ಲ, ಸೋಮವಾರ ಮೀಟಿಂಗ್ ಇದ್ದರೆ ಭಾನುವಾರ ಇಲ್ಲ, ಉಮ್ಮ ಮನೆಗೆ ಬಂದಿದ್ದರೆ ಇಲ್ಲ. ಈ ನಿಯಮಗಳನ್ನು ಪಾಲಿಸುವುದನ್ನೇ ಅವನು ತನ್ನ ಹಿಡಿತ ಎಂದು ತಿಳಿದಿದ್ದಾನೆ. ಆದರೆ ದಿನವೆಲ್ಲ ಯಾವುದರ ಸುತ್ತ ಲೆಕ್ಕ ಹಾಕುತ್ತೇವೆಯೋ ಅದರ ಹಿಡಿತದಲ್ಲಿ ನಾವಿದ್ದೇವೆಯೇ ಹೊರತು ನಮ್ಮ ಹಿಡಿತದಲ್ಲಿ ಅದಿಲ್ಲ. ಅಲ್ಲಾಹನು ಸಹಾಬಿಗಳನ್ನು ಆ ಹಂತದಲ್ಲಿ ಬಿಡಲಿಲ್ಲ. ಸೂರಃ ಅಲ್ ಮಾಇದದ 90 ಮತ್ತು 91ನೇ ಸೂಕ್ತಗಳು ಅವತೀರ್ಣಗೊಂಡವು. ಮದ್ಯವು ಹೊಲಸು, ಶೈತಾನನ ಕೃತ್ಯ, ಅದರಿಂದ ದೂರವಿರಿ ಎಂದು ಆಜ್ಞೆಯಾಯಿತು. ಶೈತಾನನು ಅದರ ಮೂಲಕ ನಿಮ್ಮೊಳಗೆ ಹಗೆ ಬಿತ್ತಲು, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ನಿಮ್ಮನ್ನು ತಡೆಯಲು ಬಯಸುತ್ತಾನೆ ಎಂದು ಕಾರಣವನ್ನೂ ತಿಳಿಸಲಾಯಿತು. ಕೊನೆಯಲ್ಲಿ ಒಂದು ಪ್ರಶ್ನೆ: ಇನ್ನಾದರೂ ನಿಲ್ಲಿಸುವಿರಾ?

ಆ ಕಾರಣಗಳನ್ನು ಮತ್ತೊಮ್ಮೆ ನೋಡಿ. ಅಂಗಡಿ ಮುಚ್ಚಿತೇ, ನೌಕರಿ ಹೋಯಿತೇ, ರಸ್ತೆಯಲ್ಲಿ ಬಿದ್ದೆಯಾ ಎಂಬ ಪ್ರಶ್ನೆ ಅಲ್ಲಿಲ್ಲ. ಯಾವುದರಿಂದ ನಿನ್ನನ್ನು ತಡೆಯಿತು ಎಂಬುದು ಅಲ್ಲಿನ ಲೆಕ್ಕ. ನಮ್ಮ ಸಹೋದರ ಈ ಲೆಕ್ಕವನ್ನು ಒಬ್ಬನೇ ಕೂತು ಬರೆಯಲಿ. ಎಷ್ಟು ವರ್ಷದ ಫಜ್ರ್? ಎಷ್ಟು ರಾತ್ರಿ ಮಗಳು ಗಣಿತದ ಪುಸ್ತಕ ಹಿಡಿದು ಬಂದು, ಬಾಗಿಲ ಬಳಿ ನಿಂತು, ಏನನ್ನೂ ಕೇಳದೆ ಹಿಂದೆ ಹೋದಳು? ಹೆಂಡತಿಯ ಜೊತೆ ಜಗಳವಿಲ್ಲ ನಿಜ, ಆದರೆ ಎಂಟರ ಮೇಲೆ ಮಾತೂ ಇಲ್ಲವಲ್ಲ? ಬಾಯಿಯ ವಾಸನೆಯ ಭಯದಿಂದ ತಂದೆಯ ಹಾಸಿಗೆಯ ಪಕ್ಕ ಕೂರದೆ ದೂರ ನಿಂತ ಸಂಜೆಗಳೆಷ್ಟು? ಇವು ಯಾವ ಬ್ಯಾಂಕ್ ಪುಸ್ತಕದಲ್ಲೂ ನಷ್ಟವೆಂದು ಬರುವುದಿಲ್ಲ.

ಇನ್ನು ಆ ಪ್ರಶ್ನೆಗೆ ಮದೀನಾ ಕೊಟ್ಟ ಉತ್ತರ. ಅನಸ್(ರ) ಆಗ ಹುಡುಗ. ಅಬೂ ತಲ್ಹಾ(ರ)ರ ಮನೆಯಲ್ಲಿ ಕೂಟ ಸೇರಿತ್ತು, ಅನಸ್ ಖರ್ಜೂರದ ಮದ್ಯ ಬಡಿಸುತ್ತಿದ್ದರು. ಬೀದಿಯಲ್ಲಿ ಒಬ್ಬರು ಮದ್ಯ ನಿಷೇಧವಾಯಿತೆಂದು ಸಾರುತ್ತ ಬಂದರು. ಚೆಲ್ಲಿಬಿಡು ಎಂದರು ಅಬೂ ತಲ್ಹಾ. ಸುದ್ದಿ ನಿಜವೋ ಸುಳ್ಳೋ ಎಂದು ಯಾರೂ ವಿಚಾರಿಸಲಿಲ್ಲ, ಕೈಯಲ್ಲಿದ್ದದ್ದನ್ನು ಮುಗಿಸೋಣ ಎಂದೂ ಹೇಳಲಿಲ್ಲ. ಮದೀನಾದ ಓಣಿಗಳಲ್ಲಿ ಮದ್ಯ ಹರಿಯಿತು. ಈ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ, ನೀವು ಹಲವು ಸಲ ಕೇಳಿದ್ದೀರಿ. ಆದರೆ ಆ ಕೂಟದಲ್ಲಿ ಕೂತವರು ಯಾರೆಂದು ಗಮನಿಸಿದ್ದೀರಾ? ಮನೆಯ ಯಜಮಾನ ಅಬೂ ತಲ್ಹಾ ಮದೀನಾದ ಅನ್ಸಾರರಲ್ಲಿ ಎಲ್ಲರಿಗಿಂತ ಹೆಚ್ಚು ಖರ್ಜೂರದ ತೋಟಗಳಿದ್ದವರು, ಉಹುದ್‌ನಲ್ಲಿ ಪ್ರವಾದಿ(ಸ)ರ ಮುಂದೆ ನಿಂತು ಬಾಣ ಬಿಟ್ಟವರು. ಅತಿಥಿಗಳಲ್ಲಿ ಒಬ್ಬರು ಪ್ರವಾದಿ(ಸ)ರಿಂದ ಈ ಸಮುದಾಯದ ವಿಶ್ವಸ್ತ ಎಂದು ಕರೆಸಿಕೊಂಡ ಅಬೂ ಉಬೈದಾ(ರ). ಇನ್ನೊಬ್ಬರು ಕುರ್‌ಆನ್ ಪಾರಾಯಣದಲ್ಲಿ ಹೆಸರಾದ ಉಬಯ್ಯ್ ಬಿನ್ ಕಅಬ್(ರ). ಇವರಲ್ಲಿ ಯಾರ ಬದುಕೂ ಕುಡಿತದಿಂದ ಕುಸಿದಿರಲಿಲ್ಲ. ಏನನ್ನೂ ಕಳೆದುಕೊಳ್ಳದೆಯೇ ಅವರು ಬಿಟ್ಟರು. ‘ದೊಡ್ಡ ಏಟು ಬಿದ್ದಾಗ ಬಿಡುತ್ತಾನೆ’ ಎಂದು ನಮ್ಮಲ್ಲಿ ಹೇಳುವುದುಂಟು. ಏಟು ಬೀಳುವವರೆಗೆ ಕಾಯಬೇಕೆಂದು ಯಾವ ಸೂಕ್ತದಲ್ಲೂ ಇಲ್ಲ.

“ಅವರು ಸಹಾಬಿಗಳು, ನಾನು ಹದಿನೈದು ವರ್ಷದ ಚಟದವನು” ಎನ್ನಬಹುದು. ಹಾಗಾದರೆ ಅಬೂ ಮಿಹ್ಜನ್ ಅಸ್ಸಖಫೀ ಅವರ ಚರಿತ್ರೆ ಕೇಳಿ. ತಾಇಫ್‌ನ ಸಖೀಫ್ ಗೋತ್ರದವರು, ಕವಿ, ಪಳಗಿದ ಕುದುರೆ ಸವಾರ. ಇಸ್ಲಾಮ್ ಸ್ವೀಕರಿಸಿದ ಮೇಲೂ ಕುಡಿತ ಬಿಡಲಾಗಲಿಲ್ಲ. ಹಝ್ರತ್ ಉಮರ್(ರ)ರ ಕಾಲದಲ್ಲಿ ಮತ್ತೆ ಮತ್ತೆ ಛಡಿಯೇಟು ಬಿತ್ತು, ಗಡೀಪಾರೂ ಆಯಿತು. ಕ್ರಿ.ಶ. 636ರ ಸುಮಾರಿಗೆ ಖಾದಿಸಿಯ್ಯಾ ಯುದ್ಧ ನಡೆದಾಗ ಅವರು ಸೇನಾಪತಿ ಸಅದ್ ಬಿನ್ ಅಬೀ ವಖ್ಖಾಸ್(ರ)ರ ವಶದಲ್ಲಿ ಸಂಕೋಲೆಯಲ್ಲಿದ್ದರು. ಹೊರಗೆ ಯುದ್ಧದ ಸದ್ದು. ಅನಾರೋಗ್ಯದಿಂದ ಸಅದ್ ಮೇಲಿನಿಂದಲೇ ಸೈನ್ಯವನ್ನು ನಡೆಸುತ್ತಿದ್ದರು. ಅಬೂ ಮಿಹ್ಜನ್ ಸಅದ್‌ರ ಮನೆಯಾಕೆಯನ್ನು ಬೇಡಿಕೊಂಡರು: ಬಿಟ್ಟರೆ ಹೋರಾಡುತ್ತೇನೆ, ಬದುಕಿದರೆ ಹಿಂದಿರುಗಿ ಬಂದು ಸಂಕೋಲೆಗೆ ಕಾಲು ಕೊಡುತ್ತೇನೆ. ಆಕೆ ಬಿಟ್ಟರು. ಸಅದ್‌ರದೇ ಕುದುರೆ ಏರಿ ಅವರು ಹೋರಾಡಿದ ಪರಿಗೆ ಸೈನ್ಯವೇ ಬೆರಗಾಯಿತು. ಸಂಜೆ ಮಾತಿನಂತೆ ಹಿಂದಿರುಗಿದರು. ವಿಷಯ ತಿಳಿದ ಸಅದ್, ಇನ್ನು ಮುಂದೆ ಕುಡಿತಕ್ಕಾಗಿ ನಿಮಗೆ ಹೊಡೆಯುವುದಿಲ್ಲ ಎಂದರು. ಆಗ ಅಬೂ ಮಿಹ್ಜನ್ ಕೊಟ್ಟ ಉತ್ತರದ ಸಾರ ಇಷ್ಟು: ಶಿಕ್ಷೆಯಿಂದ ಶುದ್ಧನಾಗುತ್ತಿದ್ದಾಗ ಕುಡಿಯುತ್ತಿದ್ದೆ, ಈಗ ನೀವು ಅದನ್ನು ಬಿಟ್ಟಿರಿ, ನಾನೂ ಬಿಟ್ಟೆ. ಇತಿಹಾಸಕಾರರು ಈ ಘಟನೆಯನ್ನು ಒಂದೆರಡು ಬಗೆಯಲ್ಲಿ ಹೇಳಿದ್ದಾರೆ. ಶಿಕ್ಷೆಯ ವಿಷಯದಲ್ಲಿ ಇಮಾಮರ ಚರ್ಚೆ ಬೇರೆಯೇ ಇದೆ, ಅದು ಇಂದಿನ ವಿಷಯವಲ್ಲ. ನಮಗೆ ಮುಖ್ಯವಾದುದು, ಛಡಿ ಇನ್ನೊಬ್ಬರ ಕೈಯಲ್ಲಿರುವವರೆಗೆ ಬಿಡಲಾಗದ್ದನ್ನು, ತೀರ್ಮಾನ ತನ್ನ ಕೈಗೆ ಬಂದ ದಿನ ಅವರು ಬಿಟ್ಟರು ಎಂಬುದು.

“ರಮಝಾನ್‌ನಲ್ಲಿ ಮೂವತ್ತು ದಿನವೂ ಬಿಡುತ್ತೇನಲ್ಲ, ನಾನು ಚಟಗಾರ ಹೇಗಾದೇನು?” ಎಂದು ಕೇಳುವವರಿದ್ದಾರೆ. ಮೂವತ್ತು ದಿನ ಬಿಡಲು ನಿನ್ನಿಂದ ಸಾಧ್ಯ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಆದರೆ ಪೆರ್ನಾಳ್ ಚಂದ್ರ ಕಂಡ ರಾತ್ರಿ ಮನಸ್ಸು ಯಾವ ದಾರಿ ಹಿಡಿಯುತ್ತದೆ ಎಂಬುದೂ ಸಾಕ್ಷಿಯೇ. ಇನ್ನು ಕೆಲವರು, ಎಷ್ಟು ಕುಡಿದರೂ ತಲೆಗೆ ಏರುವುದಿಲ್ಲ, ಆದ್ದರಿಂದ ಅಡ್ಡಿಯಿಲ್ಲ ಎನ್ನುತ್ತಾರೆ. ಹೆಚ್ಚು ಪ್ರಮಾಣದಲ್ಲಿ ಅಮಲೇರಿಸುವುದು ಸ್ವಲ್ಪವಾದರೂ ಹರಾಮ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ‘ಬಿಯರ್ ಮದ್ಯವಲ್ಲ’ ಎನ್ನುವ ಯುವಕರಿಗೂ ಉತ್ತರವಿದೆ: ಯಮನ್‌ನಲ್ಲಿ ಬಾರ್ಲಿಯಿಂದ ಮಾಡುತ್ತಿದ್ದ ಪಾನೀಯದ ಬಗ್ಗೆ ಅಬೂ ಮೂಸಾ(ರ) ನೇರವಾಗಿ ಕೇಳಿದ್ದರು, ಅಮಲೇರಿಸುವುದೆಲ್ಲ ಹರಾಮ್ ಎಂಬುದೇ ಸಿಕ್ಕ ಉತ್ತರ. ತಲೆಗೆ ಏರದಿರುವುದು ಗಟ್ಟಿತನವೂ ಅಲ್ಲ. ದೇಹ ಅದಕ್ಕೆ ಒಗ್ಗಿಹೋಗಿದೆ, ಮೊದಲಿನ ಪರಿಣಾಮಕ್ಕೆ ಈಗ ಹೆಚ್ಚು ಬೇಕಾಗಿದೆ ಎಂದಷ್ಟೇ ಅದರ ಅರ್ಥ. ಅವಲಂಬನೆಯ ಮೊದಲ ಲಕ್ಷಣಗಳಲ್ಲಿ ವೈದ್ಯರು ಇದನ್ನೂ ಎಣಿಸುತ್ತಾರೆ. ತಲೆಗೆ ಏರಲಿಲ್ಲ ಎಂದರೆ ಯಕೃತ್ತಿಗೆ ಇಳಿಯಲಿಲ್ಲ ಎಂದಲ್ಲ. ಯಕೃತ್ತಿಗೆ ಕೊಬ್ಬು ತುಂಬುವ ಹಂತದಲ್ಲಿ ನೋವಿರುವುದಿಲ್ಲ. ಆ ಹಂತದಲ್ಲಿ ಬಿಟ್ಟರೆ ಅದು ಬಹುಮಟ್ಟಿಗೆ ಮೊದಲಿನಂತಾಗುತ್ತದೆ, ಗಟ್ಟಿಯಾಗಿ ಸುಕ್ಕುಗಟ್ಟಿದ ಮೇಲೆ ಆಗುವುದಿಲ್ಲ. ಮದ್ಯವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ದಯವಿಟ್ಟು ಮನೆಗೆ ಹೋಗಿಯೂ ಹೇಳಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಒಂದು ದಿನ ಥಟ್ಟನೆ ನಿಲ್ಲಿಸಿದರೆ ಅಪಾಯವಾಗಬಹುದು. ಮೊದಲ ದಿನ ಕೈ ನಡುಕ, ಬೆವರು, ನಿದ್ದೆಯಿಲ್ಲದಿರುವುದು. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಗೊತ್ತುಗುರಿಯಿಲ್ಲದೆ ಮಾತಾಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವುದೂ ಉಂಟು. ಇದನ್ನು ಜಿನ್ನ್ ಬಾಧೆ ಎಂದು ತಿಳಿದು ನೂಲು ಕಟ್ಟಿಸಿ ಕೂತರೆ ಸಮಯ ಕೈಮೀರುತ್ತದೆ. ರಮಝಾನ್‌ನ ಮೊದಲ ಉಪವಾಸದ ದಿನ ಕೈ ನಡುಗಿದರೆ ಅದು ಬರೀ ಹಸಿವೆಯಿಂದ ಎಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಈ ಮೊದಲ ವಾರವನ್ನು ದಾಟಿಸುವ ಔಷಧಗಳಿವೆ, ಬಿ1 ಜೀವಸತ್ವ ಕೊಡುತ್ತಾರೆ, ಎಲ್ಲವೂ ಕೆಲವೇ ದಿನಗಳ ಮಾತು. ಇದು ‘ಡಾಕ್ಟರನ್ನು ಕಂಡ ಮೇಲೆ ಬಿಡೋಣ’ ಎಂದು ಮುಂದೂಡಲು ನೆಪವಲ್ಲ. ನಾಳೆಯೇ ಕಾಣಿ, ಎಷ್ಟು ಕುಡಿಯುತ್ತೀರೋ ಅಷ್ಟನ್ನೇ ಹೇಳಿ. ಡಾಕ್ಟರ ಮುಂದೆ ಲೆಕ್ಕ ಕಡಿಮೆ ಮಾಡಿ ಹೇಳಿದರೆ ಔಷಧದ ಲೆಕ್ಕವೂ ತಪ್ಪುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ಕೇಳಬಹುದು. ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಅಂಜಿಕೆಯಿದ್ದರೆ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446, ಈ ಎರಡು ಸರ್ಕಾರಿ ಸಂಖ್ಯೆಗಳಿಗೆ ಮನೆಯಿಂದಲೇ ಕರೆ ಮಾಡಬಹುದು.

ಸಹೋದರಿಯರಿಗೂ ಒಂದು ಮಾತು. ‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂದು ಪುಡಿ, ಹನಿ ಮಾರುವವರ ಜಾಹೀರಾತು ನೋಡಿರುತ್ತೀರಿ. ಅದರೊಳಗೆ ಏನಿದೆಯೆಂದು ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್‌ನಂಥ ಮಾತ್ರೆಯನ್ನು ತಿಳಿಯದೆ ನುಂಗಿದವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಆ ಮಾತ್ರೆಯನ್ನು ವೈದ್ಯರು ಕೊಡುವುದುಂಟು, ಆದರೆ ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿದ ಮೇಲೆ. ಗುಟ್ಟಾಗಿ ಬಿಡಿಸಿದ ಕುಡಿತಕ್ಕೆ ಅವನ ಸ್ವಂತ ತೀರ್ಮಾನದ ಬಲವೂ ಇರುವುದಿಲ್ಲ.

ಇನ್ನು, ನಮ್ಮ ಊರುಗಳಲ್ಲಿ ಅರ್ಧಕ್ಕೆ ನಿಂತುಹೋದ ಒಂದು ಹದೀಸ್ ಇದೆ. ಕುಡಿದವನ ನಮಾಝ್ 40 ದಿನ ಸ್ವೀಕಾರವಾಗದು ಎಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಇದನ್ನು ಕೇಳಿದವನು, “ಹಾಗಾದರೆ ನಾನು ಮಸೀದಿಗೆ ಬಂದು ಏನು ಪ್ರಯೋಜನ?” ಎಂದು ಹೊರಗೇ ನಿಂತಿದ್ದಾನೆ. ನಮಾಝಿನ ಪುಣ್ಯ ಅವನಿಗೆ ಸಿಗದು, ಆದರೆ ಫರ್ಳ್ ಅವನ ಮೇಲಿಂದ ಇಳಿದಿಲ್ಲ, ನಿರ್ವಹಿಸಿದರೆ ಹೊಣೆ ತೀರುತ್ತದೆ, ಬಿಟ್ಟರೆ ಅದು ಇನ್ನೊಂದು ಪಾಪ ಎಂದು ವಿದ್ವಾಂಸರು ವಿವರಿಸಿದ್ದಾರೆ. ಅದೇ ಹದೀಸ್‌ನ ಮುಂದಿನ ಭಾಗವನ್ನು ಯಾರೂ ಅವನಿಗೆ ಹೇಳಿಲ್ಲ: ಅವನು ತೌಬಾ ಮಾಡಿದರೆ ಅಲ್ಲಾಹನು ಸ್ವೀಕರಿಸುತ್ತಾನೆ. ಮಾಡಿದ ಪಾಪವೊಂದು, ಅದರ ನೆಪದಲ್ಲಿ ಬಿಟ್ಟ ನಮಾಝ್ ಇನ್ನೊಂದು. ಶೈತಾನನಿಗೆ ಎರಡನೆಯದೇ ಹೆಚ್ಚು ಬೇಕಾಗಿರುವುದು.

ಮನೆಯವರು ಏನು ಮಾಡಬೇಕು? ಸಹೋದರನ ಕೊರತೆಯನ್ನು ಮುಚ್ಚುವುದು ನಮಗೆ ಕಲಿಸಿದ ಸಂಸ್ಕಾರ. ನೆರೆಮನೆಗೆ, ಬೀಗರಿಗೆ, ಕುಟುಂಬದ ವಾಟ್ಸಾಪ್ ಗುಂಪಿಗೆ ಅದನ್ನು ಹಂಚುವ ಹಕ್ಕು ಯಾರಿಗೂ ಇಲ್ಲ. ಆದರೆ ಮುಚ್ಚುವುದು ಬೇರೆ, ಅವನ ಕುಡಿತಕ್ಕೆ ದಾರಿ ಸವೆಸುವುದು ಬೇರೆ. ಅವನ ಪರವಾಗಿ ಆಫೀಸಿಗೆ ಜ್ವರ ಎಂದು ಫೋನು ಮಾಡುವುದು, ಬಾಟಲಿಗಳನ್ನು ಬೆಳಗಾಗುವ ಮೊದಲು ಸಾಗಿಸುವುದು, ಇದು ಮುಚ್ಚುವುದಲ್ಲ. ಕುಡಿದು ವಾಹನದ ಕೀಲಿ ಕೇಳಿದರೆ ಕೊಡಲೇಬಾರದು. ಅಲ್ಲಿ ಬೇರೆಯವರ ಮಕ್ಕಳ ಜೀವವಿದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕಾನೂನಿನಲ್ಲಿ ಅಪರಾಧ, ‘ನನ್ನ ಕೈ ನಡುಗುವುದಿಲ್ಲ’ ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೇಗೆ ಮಾತಾಡಬೇಕೆಂಬುದನ್ನು ಹಝ್ರತ್ ಉಮರ್(ರ) ತೋರಿಸಿಕೊಟ್ಟಿದ್ದಾರೆ. ಶಾಮ್‌ನ ಒಬ್ಬ ಬಲಿಷ್ಠ ವ್ಯಕ್ತಿ ಅವರ ಬಳಿಗೆ ಬಂದುಹೋಗುತ್ತಿದ್ದ. ಕೆಲಕಾಲ ಕಾಣಲಿಲ್ಲ. ವಿಚಾರಿಸಿದಾಗ, ಕುಡಿತಕ್ಕೆ ಬಿದ್ದಿದ್ದಾನೆ ಎಂದರು. ಉಮರ್ ಲಿಪಿಕಾರನನ್ನು ಕರೆದು ಪತ್ರ ಬರೆಸಿದರು. ಬೈಗಳಿಲ್ಲ. ಸಲಾಮ್, ಅಲ್ಲಾಹನ ಸ್ತುತಿ, ಆಮೇಲೆ ಸೂರಃ ಗಾಫಿರ್‌ನ ಆರಂಭ: ಅಲ್ಲಾಹನು ಪಾಪ ಕ್ಷಮಿಸುವವನು, ತೌಬಾ ಸ್ವೀಕರಿಸುವವನು, ಕಠಿಣವಾಗಿ ಶಿಕ್ಷಿಸುವವನು. ನಂತರ ಜೊತೆಗಿದ್ದವರಿಗೆ, ನಿಮ್ಮ ಸಹೋದರನಿಗಾಗಿ ದುಆ ಮಾಡಿ ಎಂದರು. ಆ ವ್ಯಕ್ತಿ ಪತ್ರವನ್ನು ಮತ್ತೆ ಮತ್ತೆ ಓದಿ ಅತ್ತ, ಬಿಟ್ಟ, ಚೆನ್ನಾಗಿ ಬಿಟ್ಟ. ಸುದ್ದಿ ತಿಳಿದಾಗ ಉಮರ್ ಹೇಳಿದ್ದರ ಸಾರ: ಸಹೋದರ ಜಾರಿದ್ದನ್ನು ಕಂಡರೆ ಹೀಗೇ ಮಾಡಿ, ಅವನ ವಿರುದ್ಧ ಶೈತಾನನಿಗೆ ನೆರವಾಗಬೇಡಿ. ಇಬ್ನ್ ಕಸೀರ್ ತಮ್ಮ ತಫ್ಸೀರ್‌ನಲ್ಲಿ ಇದನ್ನು ಉಲ್ಲೇಖಿಸಿದ್ದಾರೆ. ಖಲೀಫರಿಗೆ ಛಡಿ ಗೊತ್ತಿರಲಿಲ್ಲವೆಂದಲ್ಲ, ಪತ್ರವೂ ಗೊತ್ತಿತ್ತು. ಈ ಖುತ್ಬಾ ಕೇಳಿದವರಲ್ಲಿ ಅಣ್ಣನಿಗೋ ಸ್ನೇಹಿತನಿಗೋ ಎದುರು ನಿಂತು ಹೇಳಲಾಗದವರು ಇಂದು ಅಸರ್‌ಗೆ ಮೊದಲು ನಾಲ್ಕು ಸಾಲು ಬರೆಯಬಹುದು.

ಬಿಟ್ಟವನು ಮತ್ತೆ ಜಾರಬಹುದು, ಇದೂ ತಿಳಿದಿರಲಿ. ಪ್ರವಾದಿ(ಸ)ರ ಕಾಲದಲ್ಲಿ ಅಬ್ದುಲ್ಲಾ ಎಂಬವರಿದ್ದರು. ಪ್ರವಾದಿ(ಸ)ರನ್ನು ನಗಿಸುತ್ತಿದ್ದವರು. ಕುಡಿತಕ್ಕಾಗಿ ಅವರನ್ನು ಹಿಡಿದು ತಂದದ್ದು ಒಂದೆರಡು ಸಲವಲ್ಲ. ಒಮ್ಮೆ ಒಬ್ಬರು ಬೇಸತ್ತು, ಎಷ್ಟು ಸಲ ಇವನನ್ನು ತರುವುದು ಎಂದು ಶಪಿಸಿದರು. ಪ್ರವಾದಿ(ಸ) ತಡೆದರು. ಶಪಿಸಬೇಡಿ, ಇವನು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂಬುದಾಗಿ ಹೇಳಿದರೆಂದು ಬುಖಾರಿಯಲ್ಲಿದೆ. ಶಿಕ್ಷೆ ತಪ್ಪಲಿಲ್ಲ, ಪ್ರೀತಿಯೂ ತಪ್ಪಲಿಲ್ಲ. ಬಹಳ ದಿನಗಳ ನಂತರ ಹಿಂದಿನ ಸಫ್‌ನಲ್ಲಿ ಬಂದು ನಿಂತವನನ್ನು ತಿರುಗಿ ನೋಡಬೇಡಿ. ಪಕ್ಕದಲ್ಲಿ ಜಾಗ ಕೊಡಿ, ಭುಜ ತಾಗಿಸಿ ನಿಲ್ಲಿ.

ಯಾ ಅಲ್ಲಾಹ್, ಇಂದು ರಾತ್ರಿ ಎಂಟು ಗಂಟೆಗೆ ಗಡಿಯಾರ ನೋಡಲಿರುವ ನಮ್ಮ ಸಹೋದರನಿಗೆ ಶಕ್ತಿ ಕೊಡು. ಅವನ ಮನೆಯವರಿಗೆ ಸಹನೆ ಕೊಡು. ಅವನ ತೌಬಾವನ್ನೂ ನಮ್ಮೆಲ್ಲರ ತೌಬಾವನ್ನೂ ಸ್ವೀಕರಿಸು. ಆಮೀನ್.